ಹಾಲಿವುಡ್ಡಿನಿಂದ ಮಾಷ್‌ಗೆ ಬಂದ ಹನ್ನೊಂದು ಪತ್ರಗಳು

2006ರ ಡಿಸೆಂಬರ್ ತಿಂಗಳ ಎರಡನೆಯ ಭಾನುವಾರ, ಬೆಳಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ನಾನು ತಿರುವನಂತಪುರದ ಒಂದು ವಾಚನಾಲಯದ ಮಹಡಿಯಲ್ಲಿ, ಪ್ರೊಜೆಕ್ಟರ್ ಇಟ್ಟಿದ್ದ ಮೇಜಿನ ಬಲಗಡೆ ನಿಂತಿದ್ದೆ. ಹಿಂದಿನ ಗೋಡೆ ನನ್ನಿಂದ ಎರಡು ಹೆಜ್ಜೆ ದೂರ. ಎಡಗೈ ಲ್ಯಾಪ್‌ಟಾಪಿನ ಮೇಲಿತ್ತು. ಎದುರಿಗೆ ಕುರ್ಚಿಗಳ ಏಳು ಸಾಲು, ಅವುಗಳಾಚೆ ಒಂದು ಮೇಜು, ಮೇಜಿನ ಹಿಂದೆ ಮಾಷ್. ಬಂದಿದ್ದವರು ಮೂವತ್ತನಾಲ್ಕು ಜನ. ಬಾಗಿಲಲ್ಲಿ ಕರಪತ್ರ ಹಂಚಿದವನು ನಾನೇ ಆದ್ದರಿಂದ ಈ ಲೆಕ್ಕ ಸರಿಯಾಗಿದೆ. ಸಮಯವೂ ಸರಿಯಾಗಿದೆ: ಮಾತು ಶುರು ಮಾಡುವಾಗ ಲ್ಯಾಪ್‌ಟಾಪಿನ ಮೂಲೆಯ ಗಡಿಯಾರ ನೋಡಿದ್ದೆ, ಮುಗಿಸಿದಾಗಲೂ ನೋಡಿದೆ. ಹನ್ನೊಂದು ಇಪ್ಪತ್ತನಾಲ್ಕು.

ಆ ನಾಲ್ಕು ನಿಮಿಷದಲ್ಲಿ ನಾನು ಆಡಿದ ಮಾತಿನಲ್ಲಿ ಒಂದೂ ಸುಳ್ಳಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಬಹಳ ವರ್ಷ ನಾನು ನನಗೇ ಹೇಳಿಕೊಳ್ಳುತ್ತಿದ್ದ ಸಮಾಧಾನ ಇದೊಂದೇ.

ಆಗ ನಾನು ಕೊಚ್ಚಿಯ ಕಾಕ್ಕನಾಡಿನ ಐಟಿ ಪಾರ್ಕಿನಲ್ಲಿ ಟೆಸ್ಟಿಂಗ್ ಕೆಲಸದಲ್ಲಿದ್ದೆ. ಬೇರೆಯವರು ಬರೆದ ಪ್ರೋಗ್ರಾಂನಲ್ಲಿ ತಪ್ಪು ಹುಡುಕುವುದು ಕೆಲಸ. ತಪ್ಪು ಸಿಕ್ಕರೆ ಅದು ಎಲ್ಲಿ, ಯಾವಾಗ, ಏನು ಮಾಡಿದಾಗ ಕಾಣಿಸಿತು, ಏನಾಗಬೇಕಿತ್ತು, ಏನಾಯಿತು ಎಂದು ಒಂದು ನಮೂನೆಯಲ್ಲಿ ಬರೆದು ಕಳಿಸಬೇಕು. ಬರೆದವನಿಗೆ ಬೇಸರವಾಗುತ್ತದೆಯೇ ಎಂದು ಕೇಳುವ ಕಾಲಂ ಆ ನಮೂನೆಯಲ್ಲಿಲ್ಲ. ನಾನು ಮೈಸೂರಿನವನು. ಮಲಯಾಳಂ ಕಿವಿಗೆ ಅರ್ಥವಾಗುತ್ತಿತ್ತು, ಕಣ್ಣಿಗೆ ಆಗುತ್ತಿರಲಿಲ್ಲ. ಭಾನುವಾರಗಳು ಉದ್ದವಾಗಿರುತ್ತಿದ್ದವು. ಹಾಗಾಗಿ ಎರ್ನಾಕುಲಂನ ಒಂದು ಫಿಲಂ ಸೊಸೈಟಿ ಸೇರಿದೆ. ತಿಂಗಳಿಗೊಂದು ಚಿತ್ರ, ಚಿತ್ರಕ್ಕೆ ಮುಂಚೆ ಒಬ್ಬರು ಹತ್ತು ನಿಮಿಷ ಮಾತಾಡಬೇಕು, ಬಂದವರಿಗೆಲ್ಲ ಜೆರಾಕ್ಸ್ ಮಾಡಿಸಿದ ಕರಪತ್ರ. ಹಳೆಯ ಹಾಲಿವುಡ್ ಹಾಡು-ಕುಣಿತದ ಚಿತ್ರಗಳಿದ್ದರೆ ಮಾತು ಮಾಷ್ ಅವರದ್ದೇ.

ಅವರು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಅರವತ್ತೊಂಬತ್ತು ವರ್ಷ. ಮೇಷ್ಟರನ್ನು ಅಲ್ಲಿ ಮಾಷ್ ಅನ್ನುತ್ತಾರೆ, ಮೇಡಂ ಆಗಿದ್ದರೆ ಟೀಚರ್. ಅವರ ಹೆಂಡತಿ ಟೀಚರ್. ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದವರು, ಕಾಸರಗೋಡಿನ ಕನ್ನಡದವರು. ಮೊದಲ ದಿನ ನಾನು ಸೊಸೈಟಿಯ ಬಾಗಿಲಲ್ಲಿ ಫೋನಿನಲ್ಲಿ ಕನ್ನಡ ಮಾತಾಡುತ್ತಿದ್ದುದನ್ನು ಕೇಳಿ ಅವರು ಬಂದು ಎದುರು ನಿಂತರು.

"ಮೈಸೂರಾ? ನಿಮ್ಮ ಮಾತು ಕೇಳಿದ್ರೆ ಯಾರೋ ತೊಟ್ಟಿಲು ತೂಗಿದ ಹಾಗೆ ಆಗ್ತದೆ ಮಾರಾಯ. ಊಟಕ್ಕೆ ಎಂತ ಮಾಡ್ತೀ?"

"ಹೋಟ್ಲು ಟೀಚರ್."

"ಭಾನುವಾರವೂ? ಸಾಕು, ಮನೆಗೆ ಬಾ."

ಅಂದಿನಿಂದ ಹೆಚ್ಚುಕಡಿಮೆ ಎರಡು ವರ್ಷ, ಪ್ರತಿ ಭಾನುವಾರ ನಾನು ಪಾಲಾರಿವಟ್ಟಂನ ಅವರ ಮನೆಯಲ್ಲಿ ಊಟ ಮಾಡಿದೆ. ಅವರಿಬ್ಬರ ಮಾತು ಕೇಳುವುದೇ ಒಂದು ಮೋಜು. ಟೀಚರ್ ಕನ್ನಡದಲ್ಲಿ ಬೈಯುವರು, ಮಾಷ್ ಮಲಯಾಳಂನಲ್ಲಿ ಉತ್ತರಿಸುವರು. ನಲವತ್ತೆರಡು ವರ್ಷದ ಸಂಸಾರದಲ್ಲಿ ಇಬ್ಬರೂ ಭಾಷೆ ಬದಲಾಯಿಸಿರಲಿಲ್ಲ.

ಊಟವಾದ ಮೇಲೆ ಮಾಷ್ ಒಂದು ಬಿಸ್ಕತ್ತಿನ ಡಬ್ಬಿ ತೆಗೆಯುತ್ತಿದ್ದರು. ಅದರಲ್ಲಿ ಹನ್ನೊಂದು ಪತ್ರಗಳು. ಐವತ್ತರ ದಶಕದ ಕೊನೆಯಲ್ಲಿ ಅವರು ತಿರುವನಂತಪುರದಲ್ಲಿ ವಿದ್ಯಾರ್ಥಿಯಾಗಿದ್ದಾಗ ಹಾಲಿವುಡ್ಡಿನ ಒಬ್ಬ ನೃತ್ಯತಾರೆಗೆ ಪತ್ರ ಬರೆದಿದ್ದರು. ಉತ್ತರ ಬಂತು. ಮತ್ತೆ ಬರೆದರು, ಮತ್ತೆ ಬಂತು. ಹೀಗೆ ನಾಲ್ಕು ವರ್ಷ. ನಟಿಯ ಹೆಸರು ಇಲ್ಲಿ ಬೇಡ. ಇಂದು ಅವಳನ್ನು ಬಲ್ಲವರೂ ಕಡಿಮೆ. ಪತ್ರಗಳಲ್ಲಿ ಅವಳ ಮನೆಯ ಸಂಗತಿಗಳಿದ್ದವು. ಬೆಳಗಿನ ಕಾಫಿಯನ್ನು ಕಿಟಕಿಯ ಬಳಿ ನಿಂತೇ ಕುಡಿಯುತ್ತಾಳೆ, ಚಿತ್ರೀಕರಣದ ದಿನ ಸೂಪು ಬಿಟ್ಟು ಬೇರೇನೂ ತಿನ್ನುವುದಿಲ್ಲ, ಹೊಸ ಬೂಟಿನಲ್ಲಿ ಕುಣಿದರೆ ಹೆಬ್ಬೆರಳಿನ ಉಗುರು ಹೋಗುತ್ತದೆ, ನಾಯಿಗೆ ಪಿಯಾನೋ ಎಂದರೆ ಆಗುವುದಿಲ್ಲ. ಮಾಷ್ ಇವನ್ನು ಹೇಳುವಾಗ ಪಕ್ಕದ ಬೀದಿಯವಳ ಸುದ್ದಿ ಹೇಳಿದಂತಿರುತ್ತಿತ್ತು.

ಐದನೆಯ ಪತ್ರ ಬೇರೆ. ಆ ವರ್ಷ ಮಾಷ್ ಅವರ ತಾಯಿ ತೀರಿಕೊಂಡಿದ್ದರು. ಓದು ಬಿಟ್ಟು ಊರಿಗೆ ಹೋಗುವುದೆಂದು ಹಾಸಿಗೆ ಸುತ್ತಿಟ್ಟಿದ್ದರು. ಅದನ್ನೂ ಅವಳಿಗೆ ಬರೆದಿದ್ದರು. ಉತ್ತರದಲ್ಲಿ ಹೀಗಿತ್ತು: "ನನ್ನ ತಾಯಿಯೂ ಹೋದ ವರ್ಷ ತೀರಿಕೊಂಡಳು. ಮನೆಗೆ ಹೋದಾಗ ಬಾಗಿಲನ್ನು ನಾನೇ ತೆಗೆಯಬೇಕಲ್ಲ, ಅದು ಮಾತ್ರ ಇನ್ನೂ ಅಭ್ಯಾಸವಾಗಿಲ್ಲ. ಆದರೂ ನಾಳೆ ಕೆಲಸಕ್ಕೆ ಹೋಗುತ್ತೇನೆ. ನೀವೂ ಹೋಗಿ." ಮಾಷ್ ಹಾಸಿಗೆ ಬಿಚ್ಚಿದರು, ಪರೀಕ್ಷೆಗೆ ಕೂತರು. ಆಮೇಲಿನ ಕೆಲಸ, ಮದುವೆ, ಮಗಳು ಎಲ್ಲವೂ ಆ ಸಾಲುಗಳ ಆಚೆ ಇದ್ದವು ಎಂದು ಅವರು ನಂಬಿದ್ದರು.

ಆ ಪತ್ರಗಳನ್ನಿಟ್ಟುಕೊಂಡು ಅವರು ಮಲಯಾಳಂನಲ್ಲಿ ಒಂದು ಪುಸ್ತಕ ಬರೆಯುತ್ತಿದ್ದರು. ತೆರೆಯ ಮೇಲಿನ ನಟಿಯದ್ದಲ್ಲ, ಮನೆಯೊಳಗಿನ ಹೆಂಗಸಿನ ಕಥೆ. ತನ್ನ ಬಗ್ಗೆ ಅವಳೇ ಹೇಳಿಕೊಂಡಂತೆ. ಏಳು ವರ್ಷದ ಕೆಲಸ. ಕೋಟ್ಟಯಂನ ಒಂದು ಸಣ್ಣ ಪ್ರಕಾಶನದವರು ಒಪ್ಪಿದ್ದರು. ಪತ್ರಗಳ ಚಿತ್ರಗಳನ್ನೂ ಅಚ್ಚು ಮಾಡೋಣ ಎಂದಾಗ ಮಾಷ್ ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು. ಅದನ್ನು ಮನೆಯಿಂದ ಹೊರಗೆ ಕಳಿಸಿದ್ದು ಅದೇ ಮೊದಲು ಎಂದು ಟೀಚರ್ ಹೇಳಿದರು.

ಸೆಪ್ಟೆಂಬರಿನ ಒಂದು ಶನಿವಾರ ಮಧ್ಯಾಹ್ನ ಆಫೀಸಿನ ಸ್ಕ್ಯಾನರ್ ಖಾಲಿ ಇತ್ತು. ಹನ್ನೊಂದನ್ನೂ ಸ್ಕ್ಯಾನ್ ಮಾಡಿದೆ. ಪರದೆಯ ಮೇಲೆ ಅಕ್ಷರಗಳು ದೊಡ್ಡದಾಗಿ ಕಂಡಾಗ ಎರಡನೆಯ ಮತ್ತು ಮೂರನೆಯ ಪತ್ರದ ಕೈಬರಹ ಒಂದೇ ಅಲ್ಲ ಎನ್ನಿಸಿತು. ಅಲ್ಲಿಗೆ ನಿಲ್ಲಿಸಬಹುದಿತ್ತು. ತಪ್ಪಿನ ತುದಿ ಸಿಕ್ಕರೆ ಎಳೆಯದೆ ಬಿಡುವುದು ನನ್ನ ಕೆಲಸದಲ್ಲಿ ಇಲ್ಲ. ಅಮೆರಿಕದ ವಯಸ್ಸಾದ ಅಭಿಮಾನಿಗಳು ತಮಗೆ ಬಂದ ಹಳೆಯ ಪತ್ರಗಳನ್ನು ಹಾಕಿದ್ದ ಒಂದು ವೆಬ್‌ಸೈಟ್ ಸಿಕ್ಕಿತು. ಕಿಟಕಿಯ ಬಳಿಯ ಕಾಫಿ ಅಲ್ಲಿತ್ತು. ಸೂಪು, ಉಗುರು, ಪಿಯಾನೋಗೆ ಹೆದರುವ ನಾಯಿ, ಎಲ್ಲವೂ ಬೇರೆ ಬೇರೆ ಊರಿನವರಿಗೆ ಅದದೇ ಮಾತಿನಲ್ಲಿ ಹೋಗಿದ್ದವು. ಸ್ಟುಡಿಯೋದಲ್ಲಿ ಅಭಿಮಾನಿಗಳ ಟಪಾಲಿಗೆಂದೇ ಒಂದು ಕೋಣೆ ಇತ್ತಂತೆ, ಅಲ್ಲಿ ಕೂತು ಉತ್ತರ ಬರೆಯುವ ಹುಡುಗಿಯರಿದ್ದರಂತೆ.

ಆಮೇಲೆ ಅವಳ ಜೀವನಚರಿತ್ರೆಯೊಂದನ್ನು ಹುಡುಕಿ ಓದಿದೆ. ಅದರಲ್ಲಿದ್ದ ಹೆಂಗಸು ಬೇರೆ. ಒಪ್ಪಂದ ಮುಗಿಯುವವರೆಗೆ ಮದುವೆಯಾಗಕೂಡದೆಂದು ಸ್ಟುಡಿಯೋದವರು ಬರೆಸಿಕೊಂಡಿದ್ದರು. ಮುರಿದ ಕಾಲ್ಬೆರಳಿಗೆ ಪಟ್ಟಿ ಬಿಗಿದು ಕುಣಿಸಿದ್ದರು. ಕಾಫಿ ಕುಡಿಯುತ್ತಿದ್ದೇನೆ ಎಂದು ಪತ್ರ ಬರೆದ ವಾರದಲ್ಲಿ ಅವಳು ಆಸ್ಪತ್ರೆಯಲ್ಲಿ ಮಲಗಿದ್ದಳು. ಅವಳ ಬಟ್ಟೆ, ಊಟ, ಗೆಳೆಯರು ಎಲ್ಲವನ್ನೂ ಆರಿಸುತ್ತಿದ್ದವಳು ಅವಳ ತಾಯಿ. ಆ ತಾಯಿ ಪಕ್ಕದ ಕೋಣೆಯಲ್ಲೇ ಇದ್ದು, ಮಾಷ್‌ಗೆ ಐದನೆಯ ಪತ್ರ ಬಂದ ಮೇಲೂ ಇಪ್ಪತ್ತು ವರ್ಷ ಬದುಕಿದ್ದಳು.

ನಾನೊಂದು ಪಟ್ಟಿ ಮಾಡಿದೆ. ಎಡಗಡೆ ಮಾಷ್‌ಗೆ ಬಂದ ಸಾಲು, ಬಲಗಡೆ ಅದೇ ಸಾಲು ಇನ್ನೆಲ್ಲಿದೆ ಎಂಬುದು. ಅದನ್ನು ಮಾಡುವಾಗ ಖುಷಿಯಾಗಿತ್ತು. ಇದನ್ನು ಮರೆಮಾಚಲಾರೆ.

ಆಮೇಲಿನ ಮೂರು ತಿಂಗಳು ಪ್ರತಿ ಭಾನುವಾರ ಅವರ ಮನೆಗೆ ಹೋದೆ, ಊಟ ಮಾಡಿದೆ, ಹೇಳಲಿಲ್ಲ. ಹೇಳಬೇಕೆಂದು ಹೋದ ದಿನವೇ ಮಾಷ್ ಹೊಸ ಅಧ್ಯಾಯ ಓದುತ್ತಿದ್ದರು. ಒಮ್ಮೆ "ಮಾಷೇ, ಆ ಪತ್ರಗಳ ಬಗ್ಗೆ..." ಎಂದು ಶುರು ಮಾಡಿದೆ. "ಚೆನ್ನಾಗಿ ಬಂದಿದೆಯಾ ಸ್ಕ್ಯಾನ್?" ಎಂದರು. ಬಂದಿದೆ ಎಂದೆ.

ಮೊದಲ ಅಧ್ಯಾಯವನ್ನು ತಿರುವನಂತಪುರದಲ್ಲೇ ಓದಬೇಕೆಂಬುದು ಮಾಷ್ ಆಸೆ. ಅವಳ ಚಿತ್ರಗಳನ್ನು ನೋಡಿದ್ದು, ಪತ್ರ ಬರೆದದ್ದು ಆ ಊರಿನಲ್ಲಿ. ಅಲ್ಲಿನ ಫಿಲಂ ಸೊಸೈಟಿಯವರು ಒಪ್ಪಿದರು. ಶನಿವಾರ ಮಧ್ಯಾಹ್ನದ ರೈಲಿಗೆ ನಾವು ನಾಲ್ವರು ಹೊರಟೆವು: ಮಾಷ್, ಟೀಚರ್, ನಮ್ಮ ಸೊಸೈಟಿಯ ಕಾರ್ಯದರ್ಶಿ ಮತ್ತು ನಾನು. ಕಾರ್ಯದರ್ಶಿ ಬ್ಯಾಂಕಿನಿಂದ ನಿವೃತ್ತರಾದವರು, ಹತ್ತಿದ ಕೂಡಲೇ ನಿದ್ದೆ ಹೋದರು. ಟೀಚರ್ ಬಾಳೆಲೆಯಲ್ಲಿ ಕಟ್ಟಿದ್ದ ಇಡ್ಲಿ ಬಿಚ್ಚಿದರು.

"ನಿಮ್ಮ ಮಾಷ್ ನೋಡು, ಎರಡು ಸಲ ಅಂಗಿ ಇಸ್ತ್ರಿ ಮಾಡಿಸಿದ್ರು. ನನ್ನನ್ನು ನೋಡ್ಲಿಕ್ಕೆ ಬಂದ ದಿವಸ ಒಂದು ಗುಂಡಿ ಇರ್ಲಿಲ್ಲ."

ಮಾಷ್ ಕಿಟಕಿಯಿಂದ ಮುಖ ತಿರುಗಿಸದೆ ಮಲಯಾಳಂನಲ್ಲಿ ಹೇಳಿದರು: "ಗುಂಡಿ ಇತ್ತು. ಇವಳನ್ನು ಕಂಡು ಬಿದ್ದುಹೋಯಿತು."

ಟೀಚರ್ ನಕ್ಕು ಕೈ ತೊಳೆಯಲು ಎದ್ದರು. ಕೊಲ್ಲಂನ ಹಿನ್ನೀರು ಕಾಣಿಸುತ್ತಿತ್ತು. ಮಾಷ್ ಮತ್ತು ನಾನು ಇಬ್ಬರೇ ಎಚ್ಚರವಿದ್ದೆವು. ಟೀಚರ್ ಮರಳಲು ಸಾಕಷ್ಟು ಹೊತ್ತಾಯಿತು. ಅಷ್ಟರಲ್ಲಿ ಹೇಳಿಬಿಡಬಹುದಿತ್ತು. ನಾನು ಇಡ್ಲಿ ತಿಂದೆ.

ಮರುದಿನ ಮಾಷ್ ಚೆನ್ನಾಗಿ ಓದಿದರು. ಅರ್ಧ ಓದಿ, ನೀರು ಕುಡಿದು, ಯಾರಿಗಾದರೂ ಏನಾದರೂ ಕೇಳಲಿಕ್ಕಿದೆಯೇ ಎಂದರು. ಎರಡನೆಯ ಸಾಲಿನ ಬಲತುದಿಯಿಂದ ಒಬ್ಬಳು ಯುವತಿ ಎದ್ದಳು. ಸಿನಿಮಾ ಓದುತ್ತಿದ್ದ ವಿದ್ಯಾರ್ಥಿನಿ. ಬಾಗಿಲಲ್ಲಿ ನನ್ನ ಬಳಿ ಎರಡು ಕರಪತ್ರ ಕೇಳಿ ಪಡೆದಿದ್ದಳು. ಅವಳ ದನಿಯಲ್ಲಿ ಕೊಂಕು ಇರಲಿಲ್ಲ.

"ಮಾಷೇ, ಈ ಪತ್ರಗಳನ್ನು ಅವಳೇ ಬರೆದಳು ಅಂತ ಹೇಗೆ ಗೊತ್ತು?"

ಮಾಷ್ ನಕ್ಕರು. ನನ್ನನ್ನು ಮೋನ್, ಅಂದರೆ ಮಗ, ಎಂದೇ ಕರೆಯುತ್ತಿದ್ದವರು ನನ್ನತ್ತ ಕೈ ತೋರಿದರು. "ಅದಕ್ಕೆ ನಮ್ಮ ಈ ಮೋನ್ ಇದ್ದಾನಲ್ಲ. ಕಂಪ್ಯೂಟರಿನಲ್ಲಿ ತಪ್ಪು ಹಿಡಿಯುವುದೇ ಇವನ ಉದ್ಯೋಗ. ಒಂದೊಂದು ಅಕ್ಷರ ನೋಡಿದ್ದಾನೆ. ಹೇಳು ಮೋನೇ."

ಮೂವತ್ತನಾಲ್ಕು ಜನರಲ್ಲಿ ಹೆಚ್ಚಿನವರು ಹಿಂದಕ್ಕೆ ತಿರುಗಿದರು. "ಹೌದು, ನೋಡಿದ್ದೇನೆ" ಎಂದಿದ್ದರೆ ಸಾಕಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ನಾನು ಗಡಿಯಾರ ನೋಡಿದೆ. ಇಂಗ್ಲಿಷಿನಲ್ಲಿ ಶುರು ಮಾಡಿದೆ. ಕೈಬರಹ ಮೂರು ಬಗೆಯದ್ದು ಎಂದೆ. ಟಪಾಲಿನ ಕೋಣೆಯ ಬಗ್ಗೆ ಹೇಳಿದೆ. ಲ್ಯಾಪ್‌ಟಾಪಿನಲ್ಲಿ ಪಟ್ಟಿ ಇತ್ತು, ಅದನ್ನು ಪರದೆಯ ಮೇಲೆ ತೆರೆದೆ. ಬೆಳಕು ಮಾಷ್ ಅವರ ಅಂಗಿಯ ಎಡತೋಳಿನ ಮೇಲೂ ಬಿತ್ತು, ಅವರು ಕುರ್ಚಿಯನ್ನು ಸ್ವಲ್ಪ ಸರಿಸಿ ತಾವೂ ತಿರುಗಿ ಓದಿದರು. ಕೊನೆಗೆ ಹೇಳಿದೆ: "ತಾಯಿ ಸತ್ತಳು ಎಂದು ಈ ಪತ್ರದಲ್ಲಿದೆ. ಆದರೆ ಆಗ ಅವಳ ತಾಯಿ ಪಕ್ಕದ ಕೋಣೆಯಲ್ಲೇ ಇದ್ದಳು."

ನಾಲ್ಕನೆಯ ಸಾಲಿನಲ್ಲಿ ಕನ್ನಡಕದ ಒಬ್ಬರು ಜೋರಾಗಿ ನಕ್ಕರು. ಇನ್ನು ಮೂರ್ನಾಲ್ಕು ಜನ ಸೇರಿಕೊಂಡರು. ನಾನೂ ಮುಗುಳ್ನಕ್ಕೆ. ಮಾಷ್ ಆ ಕ್ಷಣ ನನ್ನನ್ನೇ ನೋಡುತ್ತಿದ್ದರು.

ಅವರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ವಿದ್ಯಾರ್ಥಿನಿಗೆ, "ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿತಲ್ಲ, ಕೂತುಕೊಳ್ಳಿ" ಎಂದರು. ಅವಳು ಕೂತಳು. ಮಾಷ್ ಉಳಿದ ಪುಟಗಳನ್ನು ಅದೇ ದನಿಯಲ್ಲಿ ಓದಿದರು. ಅಧ್ಯಾಯದ ಕೊನೆಯಲ್ಲಿ ಐದನೆಯ ಪತ್ರ ಬರುತ್ತದೆ. ಆ ಹಿಂದಿನ ಭಾನುವಾರ ಅವರು ಅದನ್ನು ನಮಗೆ ಓದಿ ಕೇಳಿಸಿದ್ದರು. ಇಲ್ಲಿ ಬಾಗಿಲಿನ ಸಾಲು ಬರಲಿಲ್ಲ. ಒಂದು ಪುಟ ತಿರುವಿ ಮುಂದಕ್ಕೆ ಹೋದರು. ಬಿಟ್ಟದ್ದು ಗೊತ್ತಾಗಿದ್ದು ನನಗೆ ಮತ್ತು ಮುಂದಿನ ಸಾಲಿನಲ್ಲಿದ್ದ ಟೀಚರಿಗೆ ಮಾತ್ರ. ಜನ ಚಪ್ಪಾಳೆ ತಟ್ಟಿದರು. ಹೊರಡುವಾಗ ಇಬ್ಬರು ನನ್ನ ಕೈ ಕುಲುಕಿದರು. ಕಾರ್ಯದರ್ಶಿ ಬೆನ್ನು ತಟ್ಟಿ, "ಭಯಂಕರ ಸಂಶೋಧನೆ ಕಣಪ್ಪ, ಮೊದಲೇ ಹೇಳಬಾರದಿತ್ತಾ?" ಎಂದರು.

ಮೆಟ್ಟಿಲಿನ ತಿರುವಿನಲ್ಲಿ ಟೀಚರ್ ನಿಂತಿದ್ದರು. ಮಾಷ್ ಕೆಳಗೆ ಆಟೋ ಹುಡುಕುತ್ತಿದ್ದರು.

"ಯಾವಾಗಿಂದ ಗೊತ್ತುಂಟು ನಿಂಗೆ?"

"ಸೆಪ್ಟೆಂಬರಿಂದ, ಟೀಚರ್."

"ನಂಗೆ ಮದುವೆ ಆದ ವರ್ಷದಿಂದ ಗೊತ್ತುಂಟು. ಸಾವಿರಗಟ್ಟಲೆ ಪುಸ್ತಕ ತಿದ್ದಿದವಳು ನಾನು. ಯಾರು ಯಾರದ್ದು ನೋಡಿ ಬರೆದದ್ದು ಅಂತ ಗೊತ್ತಾಗುದಿಲ್ವಾ ನಂಗೆ? ನಲವತ್ತೆರಡು ವರ್ಷ ಆ ಡಬ್ಬಿ ಒರೆಸಿದ್ದೇನೆ, ಒಂದು ಮಾತು ಹೇಳ್ಲಿಲ್ಲ. ನಿಂಗೆ ಒಂದು ಗಂಟೆ ಬಾಯಿ ಮುಚ್ಚಿ ನಿಲ್ಲಲಿಕ್ಕೆ ಆಗ್ಲಿಲ್ಲ ಅಲ್ವಾ?"

"ಮಾಷ್ ಕೇಳಿದ್ರು ಟೀಚರ್..."

"ಕೇಳಿದ್ದು ಮಾಷ್ ಅಲ್ಲ ಮಾರಾಯ. ಮಾಷ್ ನಿನ್ನನ್ನು ತೋರಿಸಿದ್ದು. ನೋಡಿ, ಇವ ನಮ್ಮವ ಅಂತ."

ಅಷ್ಟು ಹೇಳಿ ಮೆಟ್ಟಿಲಿನ ಕಂಬಿ ಹಿಡಿದು ಇಳಿದರು. ವಾಪಸಿನ ರೈಲಿನಲ್ಲಿ ಮಾಷ್ ಪತ್ರಿಕೆ ಓದಿದರು. ನನಗೆ ಚಿಪ್ಸ್ ಕೊಟ್ಟರು. ನನ್ನ ಕೆಲಸದ ಬಗ್ಗೆ ವಿಚಾರಿಸಿದರು, ಹೊಸದಾಗಿ ಪರಿಚಯವಾದವರನ್ನು ವಿಚಾರಿಸುವಂತೆ.

ಒಂದು ಸಂಗತಿ ಬಾಕಿ ಇದೆ. ನನ್ನ ಪಟ್ಟಿಯಲ್ಲಿ ಬಲಗಡೆಯ ಕಾಲಂ ಒಂದು ಕಡೆ ಖಾಲಿ ಇತ್ತು. ತಾಯಿಯ ಸಾವು ಮತ್ತು ಬಾಗಿಲಿನ ಮಾತು ಬೇರೆ ಯಾರ ಪತ್ರದಲ್ಲೂ ಸಿಕ್ಕಿರಲಿಲ್ಲ. ಎಷ್ಟೋ ಹುಡುಕಿದ್ದೆ. ಅಂದರೆ ಟಪಾಲಿನ ಕೋಣೆಯಲ್ಲಿ ಕೂತ ಯಾರೋ ಒಬ್ಬಳು, ತಿರುವನಂತಪುರದ ಒಬ್ಬ ಹುಡುಗನ ಪತ್ರ ಓದಿ, ಆ ದಿನ ಸಿದ್ಧ ಸಾಲುಗಳನ್ನು ಬದಿಗಿಟ್ಟು, ತನ್ನದೇ ಮನೆಯ ಸಂಗತಿ ಬರೆದಿರಬೇಕು. ಬೇರೆ ವಿವರಣೆ ನನಗೆ ತೋಚುವುದಿಲ್ಲ. ಪಟ್ಟಿ ಮಾಡುವಾಗಲೇ ನನಗೆ ಹೀಗನ್ನಿಸಿತ್ತು. ಸಭೆಯಲ್ಲಿ ಅದನ್ನು ಹೇಳಲಿಲ್ಲ. ಮರೆತು ಬಿಟ್ಟದ್ದಲ್ಲ. ಅದನ್ನು ಹೇಳಿದ್ದರೆ ಪಕ್ಕದ ಕೋಣೆಯ ಮಾತಿಗೆ ಅಷ್ಟು ಏಟು ಇರುತ್ತಿರಲಿಲ್ಲ.

ಫೆಬ್ರವರಿಯಲ್ಲಿ, ಎಂಟು ವಾರ ತಪ್ಪಿಸಿಕೊಂಡ ಮೇಲೆ, ಪಾಲಾರಿವಟ್ಟಂಗೆ ಹೋದೆ. ಟೀಚರ್ ಬಾಗಿಲು ತೆಗೆದರು, ಒಳಗೆ ಬಾ ಎಂದರು. ಮಾಷ್ ಎದುರು ಕೂತು ಐದನೆಯ ಪತ್ರದ ವಿಷಯ ಹೇಳಿದೆ. ಅದು ನಕಲಲ್ಲ, ಆ ಸಾಲುಗಳು ನಿಮಗೊಬ್ಬರಿಗೇ ಬರೆದದ್ದು ಎಂದೆ. ಅವರು ಪೂರ್ತಿ ಕೇಳಿಸಿಕೊಂಡರು. ತಗ್ಗಿಸಿದ್ದ ಮುಖ ಸ್ವಲ್ಪ ಮೇಲಕ್ಕೆತ್ತಿದರು. "ಪಾವಂ, ಯಾರ ಮಗಳೋ" ಎಂದರು, ಪಾಪದ ಹುಡುಗಿ ಎನ್ನುವಂತೆ. ಆಮೇಲೆ ನಿಧಾನವಾಗಿ ಕನ್ನಡದಲ್ಲಿ ಕೇಳಿದರು. ನನ್ನ ಹತ್ತಿರ ಅವರು ಕನ್ನಡ ಆಡಿದ್ದು ಅದೊಂದೇ ಸಲ.

"ಇದು ಆ ದಿವಸ ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

ಅವರು ತಲೆಯಾಡಿಸಿದರು. ಒಳಗೆ ತಿರುಗಿ ಚಹಾ ಕೇಳಿದರು. ನಾವು ಮೂವರೂ ಚಹಾ ಕುಡಿದೆವು. ಹಸ್ತಪ್ರತಿಯನ್ನು ಕೋಟ್ಟಯಂನಿಂದ ವಾಪಸು ತರಿಸಿಕೊಂಡಿದ್ದಾರೆ ಎಂದು ಆ ದಿನವೇ ಗೊತ್ತಾಯಿತು. ತಪ್ಪು ತಿದ್ದಿ, ಟಪಾಲಿನ ಕೋಣೆಯವಳ ಕಥೆಯಾಗಿಯೇ ಬರೆಯಬಹುದಲ್ಲ ಎಂದೆ. "ನೀನು ಬರೆ ಮೋನೇ, ನಿನಗೆ ಎಲ್ಲ ಗೊತ್ತು" ಎಂದರು. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ಮತ್ತೆ ಹೋಗುತ್ತಿದ್ದೆನೇನೋ.

ಮುಂದಿನ ವರ್ಷ ಕೊಚ್ಚಿ ಬಿಟ್ಟೆ. ಮಾಷ್ ಈಗಿಲ್ಲ. ಪುಸ್ತಕ ಬರಲಿಲ್ಲ.

ಅಂದು ಆ ಮಹಡಿಯಲ್ಲಿದ್ದವರಲ್ಲಿ ಇಂದು ಬದುಕಿರುವವರು ನನಗೆ ತಿಳಿದಂತೆ ಇವರು. ಪ್ರಶ್ನೆ ಕೇಳಿದ ವಿದ್ಯಾರ್ಥಿನಿ. ಈಗ ಒಂದು ಕಾಲೇಜಿನಲ್ಲಿ ಸಿನಿಮಾ ಕಲಿಸುತ್ತಾಳೆ, ಎರ್ನಾಕುಲಂ ಸ್ಟೇಷನ್ನಿನಲ್ಲಿ ಒಮ್ಮೆ ಎದುರಾದಳು, ಗುರುತಿಸಲಿಲ್ಲ, ನಾನೂ ಮಾತಾಡಿಸಲಿಲ್ಲ. ನಮ್ಮ ಸೊಸೈಟಿಯ ಕಾರ್ಯದರ್ಶಿ; ಎಂಬತ್ತು ದಾಟಿದೆ, ಈಗಲೂ ಹೊಸ ಸದಸ್ಯರಿಗೆ ಆ ನಾಲ್ಕು ನಿಮಿಷದ ಕಥೆಯನ್ನು ನನ್ನ ಜಾಣತನವೆಂದು ಹೊಗಳಿ ಹೇಳುತ್ತಾರಂತೆ. ನಾಲ್ಕನೆಯ ಸಾಲಿನಲ್ಲಿ ನಕ್ಕವರು ಯಾರೆಂದು ತಿಳಿಯಲೇ ಇಲ್ಲ. ಮತ್ತೆ ಟೀಚರ್. ಕಾಸರಗೋಡಿನಲ್ಲಿ ತಂಗಿಯ ಮನೆಯಲ್ಲಿದ್ದಾರೆ. ಕಣ್ಣು ಮಂಜಾಗಿದೆ, ಯಾರಾದರೂ ಓದಿ ಹೇಳಬೇಕು. ಇದನ್ನು ನಾನಿನ್ನೂ ಅವರಿಗೆ ಓದಿಲ್ಲ.